ಗಾಳಿಮಲ್ಲಿಗೆ ತಂಗಿ ಇರಲಿಲ್ಲ

ಪೇಟೆ ಬೀದಿಯ ಅಂಗಡಿಗಳು ಶಟರ್ ಇಳಿಸಿದ ಮೇಲೆ ನಮ್ಮ ಊರಿನಲ್ಲಿ ಕಥೆ ಮುಂದುವರಿಯುತ್ತಿತ್ತು. ಯಾರ ಪಾಳಿಯೋ ಅವರು ಚಾಕ್ ಹಿಡಿದುಕೊಂಡು ಬಂದು, ಮುಚ್ಚಿದ ಶಟರ್ ಮೇಲೆ ತಮ್ಮ ಭಾಗ ಬರೆದು ಹೋಗುತ್ತಿದ್ದರು. ಬೆಳಿಗ್ಗೆ ಅಂಗಡಿಕಾರ ಬರುವುದರೊಳಗೆ ಓದುವವರು ಕೂಡಿರುತ್ತಿದ್ದರು. "ತಡಿ ಮಾವಾ, ಇನ್ನ ಎರಡ ಸಾಲು ಅದಾವ" ಎಂದರೆ ಅವನೂ ಕೀಲಿಕೈ ಹಿಡಿದು ನಿಂತು ಓದುತ್ತಿದ್ದ. ಆಮೇಲೆ ಶಟರ್ ಮೇಲೇರುತ್ತಿತ್ತು, ಅಂದಿನ ಕಥೆ ಅದರೊಳಗೆ ಸುರುಳಿ ಸುತ್ತಿಕೊಳ್ಳುತ್ತಿತ್ತು.

ಆ ಕಥೆಯ ವೀರರು ನಮ್ಮವರಲ್ಲ. ಹಿಂದೆ ದೂರದ ಯಾವುದೋ ಶಹರದಿಂದ ಬಸ್ಸಿನಲ್ಲಿ ಬರುತ್ತಿದ್ದ ವಾರಪತ್ರಿಕೆಯಲ್ಲಿ ಅವರ ಚಿತ್ರಕಥೆ ಇರುತ್ತಿತ್ತಂತೆ. ಆಕಾಶದಲ್ಲಿ ಹಾರುವ ಗಾಳಿಮಲ್ಲಿ, ಬಂಡೆ ಎತ್ತುವ ಉಕ್ಕಿನಜ್ಜ, ಗೋಡೆಯಾಚೆ ನೋಡುವ ಸಾವಿರಗಣ್ಣ, ಇವರೆಲ್ಲರ ಶಕ್ತಿ ಕದಿಯಲು ಹೊಂಚುವ ನೆರಳುಗಳ್ಳ. ಒಂದು ದಿನ ಬಸ್ಸು ನಿಂತಿತು, ಪತ್ರಿಕೆಯೂ ನಿಂತಿತು. ಮುಂದೇನಾಯಿತೆಂದು ತಿಳಿಯದೆ ಊರಿನವರು ಊಟ ನಿದ್ದೆ ಬಿಟ್ಟರಂತೆ. ಕೊನೆಗೆ ಬೋರ್ಡು ಬರೆಯುವವನೊಬ್ಬ ತಾಳಲಾರದೆ ತಾನೇ ಮುಂದಿನ ಭಾಗವನ್ನು ಶಟರ್ ಮೇಲೆ ಬರೆದ. ಅದಕ್ಕೆ ಇನ್ನೊಬ್ಬ ಜೋಡಿಸಿದ. ಹಾಗೆ ಮೂರು ತಲೆಮಾರು ನಡೆಯಿತು.

ಒಬ್ಬರು ಬರೆದದ್ದು ಬರೆದ ಕೂಡಲೇ ನಿಜವಾಗುತ್ತಿರಲಿಲ್ಲ. ಪಾಳಿಯಲ್ಲಿ ಅವರ ನಂತರ ಇರುವವರು ಬಂದು ಅದನ್ನು ಒಂದು ಸಾಲಾದರೂ ಮುಂದುವರಿಸಬೇಕು. ಆಗ ಹಿಂದಿನದು ನಿಜವಾಗುತ್ತಿತ್ತು, ಬೆಳಗಾಗುವುದರೊಳಗೆ ಊರಿನಲ್ಲಿ ಯಾರದೋ ಮೈಮೇಲೆ ಕಾಣಿಸಿಕೊಳ್ಳುತ್ತಿತ್ತು. ಏಕೆಂದರೆ ಪ್ರತಿ ವೀರನಿಗೂ ಊರಿನಲ್ಲಿ ಒಬ್ಬ ಜೋಡಿ ಇರುತ್ತಿದ್ದ. ಉಕ್ಕಿನಜ್ಜನ ಬೆನ್ನಿಗೆ ಬಂಡೆ ಬಡಿದರೆ ಹಿಟ್ಟಿನ ಗಿರಣಿಯ ಚೆನ್ನಪ್ಪ ಬೆನ್ನು ಹಿಡಿದುಕೊಂಡು ಏಳುತ್ತಿದ್ದ. ಆಸ್ಪತ್ರೆಯ ಕಂಪೌಂಡರ್ ಮೊದಲು ಶಟರ್ ಓದಿ, ಆಮೇಲೆ ಔಷಧಿ ತೆಗೆದಿಡುತ್ತಿದ್ದ. ಹೆಣ್ಣು ನೋಡಲು ಬಂದವರು, "ಹುಡುಗಿ ಯಾರ ಜೋಡಿ? ಕಥಿಯೊಳಗ ಲಗ್ನದ ಮಾತು ನಡದೈತೇನು?" ಎಂದು ಕೇಳುತ್ತಿದ್ದರು. ಹಲ್ಲುನೋವಿನಿಂದ ಒದ್ದಾಡುತ್ತಿದ್ದ ಚೆನ್ನಪ್ಪನಿಗಾಗಿ ಯಾರೋ ಗೆಳೆಯರು ಉಕ್ಕಿನಜ್ಜನ ಹಲ್ಲನ್ನೇ ಉದುರಿಸಿ ಬರೆದುಕೊಟ್ಟದ್ದೂ ಉಂಟು. ಜೋಡಿಗಳ ತಾಯಂದಿರು ಬರೆಯುವವರ ಮನೆಗೆ ಶೇಂಗಾ ಉಂಡಿ ಒಯ್ಯುತ್ತಿದ್ದರು. ಹಾಗಾಗಿ ಬರುಬರುತ್ತಾ ವೀರರು ಹೊಡೆದಾಡುವುದು ಬಿಟ್ಟು ಮಿರ್ಚಿ ತಿನ್ನುತ್ತಾ ಕೂತರು, ನೆರಳುಗಳ್ಳನಿಗೆ ಸದಾ ನೆಗಡಿ.

ನನ್ನ ಅಕ್ಕ ಲೀಲಾ ಗಾಳಿಮಲ್ಲಿಯ ಜೋಡಿ. ಅವಳ ಎಡಗಾಲು ಹುಟ್ಟಿನಿಂದಲೇ ಸೊರಗಿತ್ತು. ಆದರೆ ಕಥೆಯಲ್ಲಿ ಮಲ್ಲಿ ಹಾರಿದ ವಾರವೆಲ್ಲ ಆ ಕಾಲು ಹಗುರಾಗುತ್ತಿತ್ತು. ಅಕ್ಕ ಹೊಲಿಗೆ ಮಷಿನ್ನಿನ ಪೆಡಲನ್ನು ಎರಡೂ ಕಾಲಲ್ಲಿ ತುಳಿಯುತ್ತಿದ್ದಳು, ಬೀದಿಯ ತುದಿಯವರೆಗೆ ನಡೆದು ಹೋಗಿ ಎಲ್ಲರನ್ನೂ ಚೇಷ್ಟೆ ಮಾಡಿ ಬರುತ್ತಿದ್ದಳು. ಅಪ್ಪ ಅವ್ವ ಇಲ್ಲದ ಮೇಲೆ ನಮ್ಮ ಹೊಲಿಗೆ ಅಂಗಡಿಯ ಹಿಂದಿನ ಖೋಲಿಯಲ್ಲಿ ನಾವಿಬ್ಬರೇ ಇದ್ದೆವು.

ನಾನು ಮಾತಾಡುವವಳಲ್ಲ. ಆರನೆಯ ಇಯತ್ತೆಯಲ್ಲಿ ಮಾಸ್ತರು ಎದ್ದು ನಿಂತು ಓದು ಎಂದರು. ಅಕ್ಷರಗಳೆಲ್ಲ ಗೊತ್ತಿದ್ದವು, ದನಿ ಬರಲಿಲ್ಲ. ಮೂರು ದಿನ ಅದೇ ಆಯಿತು. ನಾಲ್ಕನೆಯ ದಿನ ಅಕ್ಕ ಕುಂಟುತ್ತಾ ಸಾಲೆಗೆ ಬಂದು, ನನ್ನ ಪಾಟಿಚೀಲ ಎತ್ತಿಕೊಂಡು, "ನಡಿ ಸುವ್ವಿ. ನೀ ಕಾಜ ಹಾಕು, ಮಾತು ನಾ ಆಡ್ತೀನಿ" ಎಂದು ಕರೆದುಕೊಂಡು ಹೋದಳು. ಅಂದಿನಿಂದ ಅಂಗಡಿಯಲ್ಲಿ ಕೂತು ಗುಂಡಿ ಹಚ್ಚುತ್ತಾ ಬರುವವರ ಮುಖ ನೋಡುವುದೇ ನನ್ನ ಕೆಲಸ. ಮಾತು ಅವಳದು.

ಪಾಳಿಗೂ ಅವಳೇ ನನ್ನನ್ನು ಸೇರಿಸಿದ್ದು. ಮೊದಲು ನಾನು, ನನ್ನ ನಂತರ ಅವಳು. ನಾನು ಬರೆಯುತ್ತಿದ್ದುದು ಒಂದೇ ಸಾಲು. "ಅಂದು ಮೋಡ ಮುಸುಕಿತ್ತು" ಅಥವಾ "ಸಂಜೆಯಾಯಿತು". ಅಷ್ಟು ಬರೆದು ಚಾಕ್ ಕೆಳಗಿಡುತ್ತಿದ್ದೆ. ಚಾಕ್ ಕೈಬಿಟ್ಟರೆ ಪಾಳಿ ಮುಗಿದ ಹಾಗೆ. ಉಳಿದದ್ದನ್ನು ಮರುದಿನ ಅಕ್ಕ ಶಟರ್ ತುಂಬ ಬರೆಯುತ್ತಿದ್ದಳು. "ಇಡೀ ಊರಾಗ ಹವಾಮಾನ ಹೇಳಾಕ ಒಬ್ಬಾಕಿ ಅದಾಳ ನೋಡ್ರಿ, ನನ್ನ ತಂಗಿ" ಎಂದು ನಗುತ್ತಿದ್ದಳು. ಒಮ್ಮೆ ಮಾತ್ರ ನಗದೆ ಕೇಳಿದಳು.

"ಸುವ್ವಿ, ಮಲ್ಲಿಗೆ ಒಬ್ಬ ತಂಗೀನ ಬರೀ ಅಲ್ಲ? ಪಾಪ, ಆಕಿಗೆ ಹಿಂದಿಲ್ಲ ಮುಂದಿಲ್ಲ. ಒಬ್ಬಾಕಿನ ಹಾರಿ ಹಾರಿ ಬ್ಯಾಸರಾಗಿರಬೇಕು."

"ನೀನ ಬರಿ" ಎಂದೆ.

"ನಾ ಬರದ್ರ ಆ ತಂಗಿ ಬರೇ ಮಾತಾಡ್ತಾಳ. ನೀ ಬರದ್ರ ಸರಿಹೋಗ್ತದ."

ನಾನು ಬರೆಯಲಿಲ್ಲ. ನನ್ನನ್ನು ಇಡೀ ಬೀದಿ ಓದುತ್ತದಲ್ಲ ಎಂದು ಮೈ ಮುದುಡಿತ್ತು.

ಆಮೇಲೆ ಪಾಳಿ ಒಡೆಯತೊಡಗಿತು. ಇಬ್ಬರು ಬರೆಯುವವರು ಹಟಕ್ಕೆ ಬಿದ್ದು ಸಾವಿರಗಣ್ಣನನ್ನು ಎಳೆದಾಡಿ ಕುರುಡಾಗಿಸಿದರು. ಅವನ ಜೋಡಿ, ಹೂ ಕಟ್ಟುವ ಮುದುಕ, ಒಂದು ಬೆಳಿಗ್ಗೆ ಕಣ್ಣು ಕಾಣದೆ ಎದ್ದ. ಅಂದಿನಿಂದ ಬರೆಯುವವರು ಒಬ್ಬೊಬ್ಬರಾಗಿ ಬಂದು ಶಟರ್ ಮುಂದೆ ನಿಂತು "ನಾ ಬಿಟ್ಟೆ" ಎಂದು ಹೇಳಿ ಹೋದರು. ಹಾಗೆ ಬಾಯಿ ಬಿಟ್ಟು ಹೇಳಿದರೆ ಪಾಳಿಯಿಂದ ಬಿಡುಗಡೆ. ಬಿಟ್ಟವರು ಮತ್ತೆ ಬಯಸಿದರೂ ಅವರ ಕೈಯ ಚಾಕ್ ಶಟರ್ ಮೇಲೆ ಮೂಡುತ್ತಿರಲಿಲ್ಲ. ತಮ್ಮ ಪಾಳಿ ಅಲ್ಲದೆ ಬರೆಯಹೋದವರದೂ ಮೂಡುತ್ತಿರಲಿಲ್ಲ. ಕೊನೆಗೆ ಉಳಿದವರು ಮೂವರು. ರೇಡಿಯೋ ರಿಪೇರಿಯ ವಾಮನಣ್ಣ, ನಾನು, ಅಕ್ಕ.

ವಾಮನಣ್ಣ ಹಳೆಯ ಪದ್ಧತಿಯ ಮನುಷ್ಯ. ಮುಂದೆ ಬರೆಯುವವರಿಗೆ ಒಂದು ಗಂಟು ಬಿಟ್ಟುಕೊಡಬೇಕು, ಬಿಚ್ಚುವ ಸುಖ ಅವರಿಗಿರಬೇಕು, ಅದೇ ಮರ್ಯಾದೆ ಎನ್ನುತ್ತಿದ್ದ. ಇಷ್ಟು ವರ್ಷ ಮಿರ್ಚಿ ತಿಂದ ಕಥೆಗೆ ಜೀವ ಬರಲಿ ಎಂದು ಅವನು ಮಲ್ಲಿಯನ್ನು ಮೋಡದ ಮೇಲಕ್ಕೆ ಒಯ್ದ. ಅಲ್ಲಿ ನೆರಳುಗಳ್ಳ ಅವಳ ಹಾರುವ ಶಕ್ತಿಯನ್ನು ಕದ್ದ. "ಮಲ್ಲಿ ಬೀಳತೊಡಗಿದಳು. ಕೆಳಗೆ ಊರು ಅಂಗೈಯಷ್ಟು ಕಾಣುತ್ತಿತ್ತು" ಎಂದು ಬರೆದು ಚಾಕ್ ಇಟ್ಟ. ನಮಗೊಂದು ಉಡುಗೊರೆ ಕೊಟ್ಟೆನೆಂದೇ ಅವನು ತಿಳಿದಿದ್ದ.

ಬೆಳಿಗ್ಗೆ ಬೀದಿಗೆ ಬೀದಿಯೇ ಅವನ ಮೇಲೆ ಬಿತ್ತು. ಎದುರಿನ ಬಳೆ ಅಂಗಡಿಯ ಮಾಬೂಬಿ ಚಿಗವ್ವ ಕೂಗಾಡಿದಳು. "ಒಂದ ಹೆಣ್ಣ ಕೂಸಿನ ಮುಗಲಿಂದ ಒಗದಿಯಲ್ಲೋ, ನಿನ್ನ ಕೈಗೆ ಏನ ಬಡದಿತ್ತು!" ವಾಮನಣ್ಣ ಮುಖ ಬಾಡಿಸಿಕೊಂಡು "ನಾ ಬಿಟ್ಟೆ" ಎಂದ. ಮುಂದಿನ ಪಾಳಿ ನನ್ನದು. "ಏ ಸುವ್ವಿ, ಚಾಕ್ ಮುಟ್ಟಿ ನೋಡು, ಕೈ ಮುರೀತೀನಿ" ಎಂದಳು ಚಿಗವ್ವ. ನಾನು ಮುಟ್ಟದಿದ್ದರೆ ಬೀಳುವುದು ನಿಜವಾಗುವುದಿಲ್ಲ. ಅಷ್ಟೇ. ಕಥೆ ನಿಂತಿತು.

ಕಥೆ ನಿಂತ ಮೇಲೆ ಅಕ್ಕನ ಕಾಲೂ ನಿಂತಿತು. ಮಳೆಗಾಲ ಮುಗಿಯುವುದರೊಳಗೆ ಅದು ಮೊದಲಿಗಿಂತ ಸಣ್ಣಗಾಯಿತು, ಆಮೇಲೆ ಸೊರಗು ಸೊಂಟಕ್ಕೂ ಏರಿತು. ಅಕ್ಕ ಖೋಲಿಯಲ್ಲಿ ಕೈಯೂರಿ ತೆವಳತೊಡಗಿದಳು. ಗಿರಾಕಿ ಬಂದರೆ ಎದ್ದು ಹೋಗಲಾರದೆ ಒಳಗಿನಿಂದಲೇ ಕೂಗುತ್ತಿದ್ದಳು. ಹೊರಗೆ ನಾನು ಬಾಯಿ ಬಾರದೆ ನಿಂತಿರುತ್ತಿದ್ದೆ. ಬಂದವರು ಬಟ್ಟೆ ಎತ್ತಿಕೊಂಡು ಹೋಗುತ್ತಿದ್ದರು.

"ಒಂದ ಸಾಲು ಬರಿ" ಎಂದು ಅಕ್ಕ ಶುರು ಮಾಡಿದಳು. "ನೀ ಬರದ್ರ ಮುಂದಿನ ಪಾಳಿ ನಂದು. ನಾನ ನನ್ನ ಇಳಿಸ್ಕೋತೀನಿ."

"ಬೀಳ್ತೀ, ಅಕ್ಕಾ."

"ಯಾವಾಗ ಬೀಳ್ತೀನಿ? ಬೆಳಗಾಗಬೇಕಲ್ಲ. ಚೆನ್ನಪ್ಪನ ಬೆನ್ನು ಯಾವಾಗರ ಬೆಳಗಾಗೂಕಿಂತ ಮೊದಲ ನೋವಾಗೈತೇನು? ನೀ ಇಲ್ಲಿ ಸಾಲು ಬರದಿ ಅನ್ನು, ನಾ ಬಾಜೂಕ ಚಾಕ್ ಹಿಡಕೊಂಡ ಕುಂತಿರ್ತೀನಿ. ನಿನ್ನ ಸಾಲಿನ ಹಿಂದ ನನ್ನ ಸಾಲು. ಮಲ್ಲಿ ಹತ್ತಿ ಅರಳಿಯಂಗ ತೇಲಿಕೋತ ಇಳೀತಾಳ. ಅಷ್ಟ ಮಾಡಿದ್ವಿ ಅಂದ್ರ ಆತು, ಊರಾಗಿನವ್ರ್ಯಾರರ ಹೊಸಬರು ಪಾಳಿ ಹಿಡೀತಾರ, ಆಕಿ ಮತ್ತ ಹಾರ್ತಾಳ."

ನಾನು ತಲೆ ಅಲ್ಲಾಡಿಸಿದೆ. ಅವಳು ತನ್ನ ಕಾಲನ್ನು ಎರಡೂ ಕೈಯಿಂದ ಎತ್ತಿ ನನ್ನ ಮಡಿಲಲ್ಲಿಟ್ಟಳು. ಒಣಗಿದ ನುಗ್ಗೆಕಾಯಿಯ ಹಾಗಿತ್ತು. "ಇದನ್ನ ನೀ ಹೊರ್ತೀ ಏನು, ಜನ್ಮಪೂರ್ತಿ? ಒಂದ ಸಾಲು ಸುವ್ವಿ. ಉಳಿದದ್ದು ಯಾವಾಗರ ನಿನಗ ಬಿಟ್ಟೀನೇನು?"

ಅದು ಖರೆ. ಎಂದೂ ಬಿಟ್ಟಿರಲಿಲ್ಲ.

ಒಂದು ಸಂಜೆ ಬೀದಿ ಖಾಲಿಯಾದ ಮೇಲೆ ನಮ್ಮ ಅಂಗಡಿಯ ಶಟರ್ ಮುಂದೆ ಅವಳನ್ನು ಸ್ಟೂಲಿನ ಮೇಲೆ ಕೂರಿಸಿದೆ. ಅವಳು ಬಲಗೈಯಲ್ಲಿ ಚಾಕ್ ಹಿಡಿದು, ತೋಳು ಎತ್ತಿ, ಓಟದ ಪಂದ್ಯಕ್ಕೆ ನಿಂತವರಂತೆ ಸಜ್ಜಾದಳು. "ಹೂಂ, ಹವಾಮಾನದ ಬಾಯಾರ, ಬರೀರಿ" ಎಂದಳು. ನಾನು ಬರೆದೆ. "ಗಾಳಿಮಲ್ಲಿ ಕೆಳಗೆ ನೋಡಿದಳು."

ಚುಕ್ಕೆ ಇಡುತ್ತಿದ್ದಂತೆ ಪಕ್ಕದಲ್ಲಿ ಬಿರುಗಾಳಿಗೆ ಹಸಿಬಟ್ಟೆ ಬಡಿದ ಸದ್ದಾಯಿತು. ತಿರುಗಿದರೆ ಅಕ್ಕನ ಜಡೆ ನೆಟ್ಟಗೆ ಮೇಲಕ್ಕೆ ನಿಂತಿತ್ತು. ಸೆರಗು ತಲೆಯ ಮೇಲೆ ಪಟಪಟಿಸುತ್ತಿತ್ತು. ಅವಳು ಸ್ಟೂಲಿನಿಂದ ಒಂದು ಗೇಣು ಮೇಲಿದ್ದಳು, ಬಾಯಿ ಕೂಗಲು ತೆರೆದು ಹಾಗೇ ನಿಂತಿತ್ತು. ಬೀದಿಯಲ್ಲಿ ಎಲೆ ಅಲುಗುತ್ತಿರಲಿಲ್ಲ. ನನ್ನ ಕೈಯಿಂದ ಚಾಕ್ ಜಾರಿ ಬಿತ್ತು. ಗಾಯಕ್ಕೆ ಬೆಳಗಾಗಬೇಕು. ಬೀಳುವುದಕ್ಕೆ ಬೇಕಾಗಿಲ್ಲ ಎಂಬುದು ನಮಗೆ ಹೇಗೆ ಗೊತ್ತಾಗಬೇಕಿತ್ತು? ಮೂರು ತಲೆಮಾರಿನಲ್ಲಿ ಯಾರನ್ನೂ ಯಾರೂ ಬೀಳುತ್ತಿರುವಾಗ ಬಿಟ್ಟಿರಲಿಲ್ಲ.

ಈಗ ಬರೆಯಬಹುದಾದವಳು ಒಬ್ಬಳೇ. ಬೀಳುತ್ತಿರುವವಳು.

ಅವಳಿಗೆ ಹಸಿವಿರಲಿಲ್ಲ, ನಿದ್ದೆಯಿರಲಿಲ್ಲ. ಕಣ್ಣು ಆಕಾಶದ ಕಡೆಗೇ ಇತ್ತು. ನೀರು ಸುರಿದು ಕೆನ್ನೆಗಿಳಿಯದೆ ಹಣೆಯ ಮೇಲೆ ಹರಿದು ಕೂದಲಿಗೆ ಹೋಗುತ್ತಿತ್ತು. ಗಾಳಿಗೆ ತುಟಿ ಒಡೆದಿತ್ತು, ಮುಖದ ಚರ್ಮ ಬಿರಿದಿತ್ತು. ದಿನಕ್ಕೆ ಎರಡು ಸಲ ಬೆಣ್ಣೆ ಸವರುತ್ತಿದ್ದೆ. ಸೀರೆ ನಿಲ್ಲದೆಂದು ನಾನೇ ಕಾಲಿನವರೆಗೆ ಗುಂಡಿ ಹಚ್ಚಿದ ಒಂದು ಅಂಗಿ ಹೊಲಿದೆ. ಮಂಚದ ಮೇಲೆ ಹಳೆ ಸೀರೆಯ ಪಟ್ಟಿಗಳಿಂದ ಅವಳನ್ನು ಕಟ್ಟಿದೆ. ಚಿಗವ್ವ ಬಂದು ಅತ್ತಳು, ಬೈದಳು, ಆಮೇಲೆ ದಿನಾ ಬಂದು ಮೇಲಕ್ಕೆ ನಿಂತ ಅವಳ ಕೂದಲು ಬಾಚಿ ಕಟ್ಟಿ ಹೋಗುತ್ತಿದ್ದಳು. ಮನುಷ್ಯರು ಎಷ್ಟು ಬೇಗ ರೂಢಿ ಮಾಡಿಕೊಳ್ಳುತ್ತಾರೆ! ಸ್ವಲ್ಪ ದಿನಕ್ಕೆ "ಲೀಲಾ ಹ್ಯಾಂಗದಾಳ?" ಎಂದರೆ "ಬೀಳಾಕತ್ತಾಳ" ಎಂದು, ಜ್ವರ ಬಂದಿದೆ ಎನ್ನುವ ಹಾಗೆ ಬೀದಿಯವರು ಹೇಳತೊಡಗಿದರು.

ಅವಳ ಬಲಗೈ ಮಾತ್ರ ಚಾಕನ್ನು ಬಿಟ್ಟಿರಲಿಲ್ಲ. ಸಂಜೆ ಶಟರ್‌ಗಳು ಇಳಿದ ಮೇಲೆ ಪಟ್ಟಿ ಬಿಚ್ಚಿ, ಬಟ್ಟೆಯ ಥಾನಿನಂತೆ ಅವಳನ್ನು ಎತ್ತಿ ಹೊರಗೆ ತರುತ್ತಿದ್ದೆ. ಭಾರವೇ ಇರಲಿಲ್ಲ. ನನ್ನ ಸಾಲಿನ ಕೆಳಗೆ ಅವಳ ಕೈ ಇಟ್ಟು ಹಿಡಿದು, "ಬರಿ ಅಕ್ಕಾ" ಎಂದು ಪಿಸುಗುಟ್ಟುತ್ತಿದ್ದೆ. ಕೈ ಮೇಲಕ್ಕೆ ಎಳೆಯುತ್ತಿತ್ತು. ನಾನೇ ಅವಳ ಕೈ ಹಿಡಿದು ತಿದ್ದಿಸಿದರೆ ಏನೂ ಮೂಡುತ್ತಿರಲಿಲ್ಲ. ಎಷ್ಟೋ ಸಂಜೆ ಹೀಗೇ ಹೋಯಿತು. ವಾಮನಣ್ಣ ದೂರ ನಿಂತು ನೋಡುತ್ತಿದ್ದ. ಒಮ್ಮೆ ಓಡಿ ಬಂದು ತನ್ನ ಚಾಕಿನಿಂದ ಶಟರ್ ಮೇಲೆ ಗೀಚಿದ, ಗೀಚಿದ, ಪುಡಿಯಾಗುವವರೆಗೆ ಗೀಚಿದ. ಶಟರ್ ಕಪ್ಪಗೇ ಇತ್ತು.

"ನಿನ್ನ ದನಿ ಆಕಿಗೆ ಮುಟ್ಟವಲ್ದು" ಎಂದ. "ಗಾಳಿ ಸದ್ದಿನಾಗ ಆಕಿಗೆ ಏನ ಕೇಳಬೇಕು? ಜೋರಾಗಿ ಹೇಳವಾ."

ನಾನು ಸುತ್ತ ನೋಡಿದೆ. ಬೀದಿಯವರೆಲ್ಲ ಬಾಗಿಲಲ್ಲಿದ್ದರು. ಗಂಟಲು ಆರನೆಯ ಇಯತ್ತೆಯ ಗಂಟಲೇ. ಆದರೂ ಅಕ್ಕನ ಕಿವಿಗೆ ಬಾಯಿ ಹಚ್ಚಿ ಕೂಗಿದೆ. ಮೊದಲು ಬರೇ ಗಾಳಿ ಬಂತು, ಆಮೇಲೆ ದನಿ. "ಅಕ್ಕಾ! ಬರಿ! ನಿನ್ನ ಪಾಳಿ ಐತಿ, ಬರಿ!" ಅಂಥ ದನಿ ನನ್ನೊಳಗಿತ್ತೆಂದು ನನಗೇ ತಿಳಿದಿರಲಿಲ್ಲ. ಗಿರಣಿಯ ಚೆನ್ನಪ್ಪ ಗಿರಣಿ ನಿಲ್ಲಿಸಿ ಹೊರಗೆ ಬಂದ.

ಮರುದಿನ ಅಕ್ಕನ ಕೈ ಶಟರ್ ಮೇಲೆ ತಾನಾಗಿ ನಡುಗಿತು. ಬಿಳಿಯ ಒಂದು ಗೆರೆ ಮೂಡಿತು. ನಾನು ನಕ್ಕೆನೋ ಅತ್ತೆನೋ ನೆನಪಿಲ್ಲ. ಸಂಜೆಗೊಂದು ಗೆರೆ, ಕೆಲವು ಸಂಜೆ ಅದೂ ಇಲ್ಲ. ಗಾಳಿಯನ್ನು ನೂಕಿ ಆ ಕೈ ಕೂದಲೆಳೆಯಷ್ಟು ಕೆಳಗಿಳಿಯುವುದಕ್ಕೆ ಅವಳ ಕತ್ತಿನ ನರಗಳೆಲ್ಲ ಉಬ್ಬುತ್ತಿದ್ದವು. ದಿನಗಳ ಮೇಲೆ "ನೆ" ಆಯಿತು. ಬೀದಿಯಲ್ಲಿ ಮತ್ತೆ ಓದುವವರು ಕೂಡಿದರು. "ನೆರವು ಅಂತ ಬರೀತಾಳ ನೋಡ್ರಿ" ಎಂದ ಚೆನ್ನಪ್ಪ. "ಯಾರರ ನೆರವಿಗೆ ಬಂದ್ರು ಅಂತ. ಉಕ್ಕಿನಜ್ಜ ಹಿಡೀಲಿ, ನನ್ನ ರಟ್ಟಿ ಮುರಿದ್ರ ಮುರೀಲಿ." ಚಿಗವ್ವ ಅವನಿಗೆ ಚಹಾ ಕೊಟ್ಟಳು. ಅಷ್ಟು ಒಳ್ಳೆಯ ಮಾತು ಆ ಬೀದಿಯಲ್ಲಿ ಬಹಳ ದಿನದಿಂದ ಯಾರೂ ಆಡಿರಲಿಲ್ಲ.

ಆಮೇಲೆ "ನೆಲ" ಆಯಿತು. "ನೆಲ ಸಿಗಲಿಲ್ಲ ಅಂತ ಇರಬೇಕು" ಎಂದು ವಾಮನಣ್ಣ ಮೆಲ್ಲಗೆ ಹೇಳಿದ. ಅವನ ಮುಖ ನೋಡಿದೆ. ಅವನಿಗೂ ನಂಬಿಕೆಯಿರಲಿಲ್ಲ.

"ನೆಲ ಬಂತು."

ಚುಕ್ಕೆಯನ್ನೂ ಇಟ್ಟಳು. ಕೈಬೆರಳು ಬಿಡಿಸಿದಳು. ಅವಳ ಮೈಮೇಲಿನ ಎಲ್ಲವೂ ಮೇಲಕ್ಕೆ ಹಾರುತ್ತಿದ್ದಾಗ ಆ ಚಾಕ್ ಮಾತ್ರ ನೆಟ್ಟಗೆ ಬಿದ್ದು, ಹೊಸ್ತಿಲಿಗೆ ಬಡಿದು ಎರಡಾಯಿತು.

ಅವಳು ಬರೆದದ್ದರಿಂದ ನನ್ನ ಸಾಲು ನಿಜವಾಯಿತು. ಅಷ್ಟು ದಿನ ಆಕಾಶ ನೋಡುತ್ತಿದ್ದ ಅವಳ ಕಣ್ಣು ಮೆಲ್ಲಗೆ ಹೊರಳಿ ಕೆಳಗೆ ನೋಡಿತು. ಕೆಳಗೆ ಅವಳ ಕಾಲು ಹಿಡಿದುಕೊಂಡು ನಾನು ಕೂತಿದ್ದೆ. ಅವಳು ನನ್ನನ್ನು ನೋಡಿದಳೋ, ತನ್ನತ್ತ ಏರಿ ಬರುವ ಅಂಗೈಯಷ್ಟು ಊರನ್ನು ನೋಡಿದಳೋ ಹೇಳಲಾರೆ. ಒಡೆದ ತುಟಿ ಮುಚ್ಚಿಕೊಂಡಿತ್ತು. ಕೂಗುವುದನ್ನು ಬಿಟ್ಟಿದ್ದಳು.

ಪಾಳಿ ಸುತ್ತಿ ನನಗೆ ಬಂದಿತ್ತು. ನಾನು ಏನೇ ಬರೆಯಲಿ, ಮೋಡ ಎಂದು ಒಂದು ಪದ ಬರೆಯಲಿ, ಅವಳ ಸಾಲು ನಿಜವಾಗುತ್ತದೆ. ನೆಲ ಬರುತ್ತದೆ. ಬರೆಯದಿದ್ದರೆ ಅವಳು ಹೀಗೇ ಇರುತ್ತಾಳೆ, ನಾನು ಮುದುಕಿಯಾದರೂ.

"ಬರೀಬ್ಯಾಡ ನನ್ನವ್ವಾ" ಎಂದಳು ಚಿಗವ್ವ. "ಉಸರ ಐತಿ ಆಕಿಗೆ. ಇರ್ಲಿ. ನಾ ದಿನಾ ಬಂದು ತಲಿ ಬಾಚ್ತೀನಿ."

ವಾಮನಣ್ಣ ನನ್ನ ಕಡೆ ನೋಡದೆ ಹೇಳಿದ. "ಮೊದಲ ಆಕಿ ಆಕಾಶ ನೋಡ್ತಿದ್ಳು. ಈಗ ನೆಲಾ ನೋಡಾಕತ್ತಾಳ. ಬರೂದನ್ನ ನೋಡಿಕೋತ ಇರೂದು..." ಎಂದು ಅಲ್ಲಿಗೇ ನಿಲ್ಲಿಸಿದ. ಅವನು ಯಾವಾಗಲೂ ಗಂಟು ಬಿಟ್ಟೇ ಮಾತಾಡುತ್ತಿದ್ದ.

ನಾನು ಬಹಳ ದಿನ ಬರೆಯಲಿಲ್ಲ. ಬೆಣ್ಣೆ ಸವರಿದೆ. ರಾತ್ರಿ ಅವಳ ಕಣ್ಣಿನ ಮೇಲೆ ಬಟ್ಟೆ ಕಟ್ಟಿ ನೋಡಿದೆ, ನೆಲ ಕಾಣದಿರಲಿ ಎಂದು. ಬಟ್ಟೆ ಹಾರಿಹೋಗುತ್ತಿತ್ತು. ಕಟ್ಟಿದ ಪಟ್ಟಿಯ ಕೆಳಗೆ ಅವಳ ಕೈ ಮುಷ್ಟಿಯಾಗಿ ಬಿಚ್ಚಿಕೊಳ್ಳುವುದನ್ನು ನೋಡಿದೆ. ನೋಡುವುದು ಬಿಟ್ಟರೆ ನನಗೆ ಬೇರೇನೂ ಬರುವುದಿಲ್ಲ. ನೋಡಿ ನೋಡಿ ಒಂದು ತಿಳಿಯಿತು. ಇಷ್ಟು ಕಷ್ಟಪಟ್ಟು ಅಷ್ಟು ಅಕ್ಷರ ಬರೆದವಳು "ಹಾರಿದಳು" ಎಂದೂ ಬರೆಯಬಹುದಿತ್ತು. ಅಕ್ಷರಕ್ಕೆ ಬಡತನವಿರಲಿಲ್ಲ. ಹಾರುವುದು ಅವಳಿಗೆ ಸಾಕಾಗಿತ್ತು.

ಬರೆಯುತ್ತೇನೆಂದು ಬೀದಿಯವರಿಗೆ ನಾನೇ ಹೇಳಿದೆ, ನನ್ನ ದನಿಯಲ್ಲೇ. ಪ್ರತಿ ಮನೆಯಿಂದ ಕೌದಿ ಬಂದವು. ಅರ್ಧಕ್ಕರ್ಧ ಅಕ್ಕನೇ ಹೊಲಿದವು, ಕೆಂಪು ಮೂಲೆಯಲ್ಲಿ ಅವಳ ಹೊಲಿಗೆ ಗುರುತು ಹಿಡಿಯುತ್ತಿದ್ದೆ. ಶಟರ್ ಮುಂದೆ ಅವನ್ನು ಒಂದರ ಮೇಲೊಂದು ಎದೆಮಟ್ಟ ಒಟ್ಟಿದರು. ಚೆನ್ನಪ್ಪ ಅಕ್ಕನನ್ನು ಎತ್ತಿ ಅದರ ಮೇಲೆ ತಂದು, ಪಟ್ಟಿ ಬಿಚ್ಚಿ, ಪಕ್ಕಕ್ಕೆ ಸರಿದ. ಚಿಗವ್ವ ಕೊನೆಯ ಸಲ ತಲೆ ಬಾಚಿದಳು. ನಾನು ಹೊಸ್ತಿಲ ಮೇಲಿನ ಚಾಕಿನ ಒಂದು ತುಂಡು ಎತ್ತಿಕೊಂಡೆ.

ಯಾವ ಸಾಲು ಬರೆದರೂ ಆಗುತ್ತಿತ್ತು. ಅಂದು ಮೋಡವಿರಲಿಲ್ಲ, ಹಾಗೆಂದು ಬರೆಯಬಹುದಿತ್ತು. ನಾನು ಬರೆದೆ. "ಕೆಳಗೆ ಅವಳ ತಂಗಿ ನಿಂತಿದ್ದಳು."

ಚುಕ್ಕೆ ಇಟ್ಟು ತಿರುಗಿದೆ. ಮೊದಲು ಅವಳ ಕೂದಲು ಇಳಿಯಿತು. ಎಷ್ಟೋ ಕಾಲದ ಮೇಲೆ ಅದು ಭುಜದ ಮೇಲೆ ಬಿದ್ದದ್ದನ್ನು ನೋಡಿದೆ. ಆಮೇಲೆ ಅಂಗಿಯ ಅಂಚು ಇಳಿಯಿತು. ಅಕ್ಕ ನನ್ನ ಮುಖ ನೋಡಿದಳು. ಆಮೇಲೆ ಮೋಡದಿಂದ ಇಲ್ಲಿಯವರೆಗಿನ ಭಾರವೆಲ್ಲ ಒಟ್ಟಿಗೆ ಬಂತು. ಬೀದಿಯ ಶಟರ್‌ಗಳೆಲ್ಲ ಒಮ್ಮೆ ನಡುಗಿದವು. ಎದೆಮಟ್ಟ ಇದ್ದ ಕೌದಿಯ ರಾಶಿ ಒಂದು ಹಾಳೆಯಷ್ಟು ತೆಳ್ಳಗಾಯಿತು.

ಅಂಗಡಿಯನ್ನು ಈಗ ನಾನೇ ನಡೆಸುತ್ತೇನೆ, ಹಿಂದಿನ ಬಾಗಿಲಿನಿಂದ. ಗಿರಾಕಿಗಳೊಂದಿಗೆ ಬೇಕಾದಷ್ಟು ಮಾತಾಡುತ್ತೇನೆ. ಮುಂದಿನ ಶಟರ್ ಎತ್ತುವುದಿಲ್ಲ, ಮಳೆ ಬಂದರೆ ತಾಡಪತ್ರಿ ಇಳಿಬಿಡುತ್ತೇನೆ. ಅದರ ಮೇಲೆ ಮೂರು ಸಾಲುಗಳಿವೆ. ಮೊದಲಿನ ಎರಡು ನಿಜವಾಗಿವೆ. ಮೂರನೆಯದನ್ನು ಮುಂದುವರಿಸುವವರು ಯಾರೂ ಇಲ್ಲ. ಪಾಳಿಯಲ್ಲಿ ನಾನೊಬ್ಬಳೇ ಉಳಿದಿದ್ದೇನೆ, ನನ್ನ ಸಾಲನ್ನು ನಾನೇ ಮುಂದುವರಿಸಲು ಬರುವುದಿಲ್ಲ. ಹೊಸಬರು ಬರಬಹುದೆಂದು ದಿನಾ ಸಂಜೆ ಹೊಸ್ತಿಲ ಮೇಲೆ ಒಂದು ಚಾಕ್ ಇಡುತ್ತೇನೆ, ಬೆಳಿಗ್ಗೆ ಅದನ್ನು ಎತ್ತಿಕೊಳ್ಳುತ್ತೇನೆ. ಅವಳು ಬಿದ್ದಾಗ ಕೆಳಗೆ ಅವಳ ತಂಗಿ ನಿಂತಿದ್ದಳು ಎಂಬುದು ಇನ್ನೂ ನಿಜವಾಗಿಲ್ಲ.